ಶಿವಕ್ಕನ ಮೊಮ್ಮಗಳಿಗೆ

ಕ್ಲಾರ್ಕ್ಸ್‌ಬರ್ಗ್, ಮೇರಿಲ್ಯಾಂಡ್
ನವೆಂಬರ್ 2024

ಡೊರೀನ್ ಆಯಿ,

ನೀವು ಹೋಗಿ ಇಪ್ಪತ್ತೊಂದು ತಿಂಗಳಾಯಿತು. ಈ ಕಾಗದವನ್ನು ಎರಡು ಸಲ ಶುರು ಮಾಡಿ ಬಿಟ್ಟಿದ್ದೆ. ನಿಮಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ನೀವು ಇದ್ದಿದ್ದರೆ ನಾನೇ ಜರ್ಮನ್‌ಟೌನಿಗೆ ಬಂದು, ನಿಮ್ಮ ಮನೆ ಮುಂದಿನ ಆ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಇದನ್ನು ಓದಿ ಹೇಳಬೇಕಾಗುತ್ತಿತ್ತು. ನಡುನಡುವೆ ನೀವು ನನ್ನನ್ನು ತಡೆದು, "ಅದೇನಂದಿ? ಇನ್ನೊಮ್ಮೆ ಹೇಳು" ಎನ್ನುತ್ತಿದ್ದಿರಿ.

ಹೇಳಬೇಕಾದವು ಎರಡಿವೆ. ಒಂದು, ನಿಮ್ಮ ಮಗ ಗ್ರೆಗ್‌ನ ವಿಷಯ. ಇನ್ನೊಂದು, ನಾನು ನಿಮ್ಮಿಂದ ಮುಚ್ಚಿಟ್ಟ ಒಂದು ಮಾತು. ಎರಡನೆಯದನ್ನು ಹೇಳುವ ಧೈರ್ಯ ಈಗಲೂ ಪೂರ್ತಿ ಬಂದಿಲ್ಲ. ಅದಕ್ಕೇ ಮೊದಲಿನಿಂದ ಬರುತ್ತೇನೆ.

2020ರ ಸೆಪ್ಟೆಂಬರ್ ತಿಂಗಳು. ಏಪ್ರಿಲ್‌ನಲ್ಲಿ ನನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹೋಗಿತ್ತು. ಜನಗಣತಿಯ ಫಾರಂ ತುಂಬಿ ಕಳಿಸದವರ ಮನೆಗೆ ಹೋಗಿ ವಿವರ ಬರೆದುಕೊಳ್ಳುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಸಿಟಿಜನ್ ಆಗಿ ಎರಡೇ ವರ್ಷವಾಗಿದ್ದ ನನಗೆ ಅದೊಂದು ಹೆಮ್ಮೆ. ನನ್ನ ಯಜಮಾನರಿಗೆ ಅದು ಇಷ್ಟವಿರಲಿಲ್ಲ. "ಕೋವಿಡ್ ಟೈಮಲ್ಲಿ ಊರೋರ ಮನೆ ಬಾಗಿಲು ನಾಕ್ ಮಾಡ್ಕೊಂಡು ಹೋಗ್ತೀಯಾ ಸಿದ್ದಿ? ಅದೂ ಎಲೆಕ್ಷನ್ ವರ್ಷ. ಯಾರು ಹೇಗೆ ರಿಯಾಕ್ಟ್ ಮಾಡ್ತಾರೋ" ಎಂದಿದ್ದರು. ಪ್ರತಾಪ್ ಮೈಸೂರಿನವರು, ಯಾವುದಕ್ಕೂ ಮೊದಲು ಹೆದರಿ ಆಮೇಲೆ ಒಪ್ಪುವವರು.

ನೀವು ಬಾಗಿಲು ತೆರೆದಾಗ ಮಾಸ್ಕ್ ಗಲ್ಲದ ಕೆಳಗಿತ್ತು. ಎಂಬತ್ತೆರಡು ವರ್ಷದ, ತೆಳ್ಳಗಿನ, ಬೆನ್ನು ನೆಟ್ಟಗಿದ್ದ ಬಿಳಿ ಹೆಂಗಸು. ಮಾತು ಅಮೆರಿಕನ್ನರದಲ್ಲ, ಅಪ್ಪಟ ಇಂಗ್ಲೆಂಡಿನದು. ಹೆಸರು, ವಯಸ್ಸು ಎಲ್ಲ ಆಯಿತು. ಜನಾಂಗ ಯಾವುದೆಂದಾಗ "ವೈಟ್" ಎಂದಿರಿ. ಆ ವರ್ಷದ ಫಾರಂನಲ್ಲಿ ಬಿಳಿಯರನ್ನೂ ಅವರ ಮೂಲ ಕೇಳಬೇಕಿತ್ತು: ಜರ್ಮನ್ನೋ, ಐರಿಷ್ಷೋ, ಇಂಗ್ಲಿಷೋ, ಇಟಾಲಿಯನ್ನೋ. "ಇಂಗ್ಲಿಷ್" ಎಂದಿರಿ. ನಾನು ಫೋನಿನಲ್ಲಿ ಒತ್ತುವ ಮೊದಲೇ ದನಿ ಏರಿಸಿ, "ಇಂಗ್ಲಿಷ್ ಮಾತ್ರ. ಬೇರೆ ಏನೂ ಇಲ್ಲ" ಎಂದಿರಿ. ಬೇರೆ ಏನಾದರೂ ಇದೆಯೇ ಎಂದು ನಾನು ಕೇಳಿರಲೇ ಇಲ್ಲ. ಆ ಉತ್ತರಗಳನ್ನು ಯಾರಿಗೂ ಹೇಳುವುದಿಲ್ಲವೆಂದು ನಾನು ಪ್ರಮಾಣ ಮಾಡಿದ್ದೇನೆ. ನಿಮ್ಮದನ್ನು ನಿಮಗೇ ಹೇಳುವುದರಿಂದ ಪ್ರಮಾಣ ಮುರಿಯಲಾರದು ಎಂದುಕೊಳ್ಳುತ್ತೇನೆ.

ಆಮೇಲೆ ನೀವು ನನ್ನ ಕೊರಳಿನ ಬ್ಯಾಡ್ಜ್ ನೋಡಿದಿರಿ. ಸಿದ್ದೇಶ್ವರಿ ಎಂಬ ನನ್ನ ಹೆಸರನ್ನು ಒಂದು ಅಕ್ಷರವೂ ತಪ್ಪದೆ ಓದಿದಿರಿ. ಇಪ್ಪತ್ತು ವರ್ಷದಲ್ಲಿ ಈ ದೇಶದ ಬಿಳಿಯರೊಬ್ಬರೂ ಅದನ್ನು ಹಾಗೆ ಹೇಳಿರಲಿಲ್ಲ. ಇಂಡಿಯಾದಲ್ಲಿ ಎಲ್ಲಿ ಎಂದು ಕೇಳಿದಿರಿ. "ಹುಬ್ಬಳ್ಳಿ ಅಂತ, ನಿಮಗೆ ಗೊತ್ತಿರಲಾರದು" ಎಂದೆ. ನೀವು ಬಾಗಿಲಿನ ಚೌಕಟ್ಟು ಹಿಡಿದುಕೊಂಡಿರಿ. ಮೈ ಹುಷಾರಿಲ್ಲವೇನೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಆಗ ನಿಮ್ಮ ಬಾಯಿಂದ ಆ ಮಾತು ಬಂತು:

"ಹುಬ್ಬಳ್ಳ್ಯಾಗ ಎಲ್ಲೇವಾ ನಿಮ್ಮನಿ?"

ಆಯಿ, ನಾನು ಅವತ್ತು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕೇಶ್ವಾಪುರ ಎಂದಿರಬೇಕು. "ನಮ್ಮ ಬಂಗ್ಲೆ ಗದಗ ರೋಡಿನ್ಯಾಗ. ವರ್ಕ್‌ಶಾಪಿನ ಭೋಂಗಾ ಕೇಳ್ತಿತ್ತಲ್ಲ ನಿಮಗ?" ಎಂದಿರಿ. ಕೇಳುತ್ತಿತ್ತು. ರೈಲ್ವೆ ವರ್ಕ್‌ಶಾಪಿನ ಆ ಸೈರನ್ನಿಗೆ ನಮ್ಮವ್ವ ಗಡಿಯಾರದ ಮುಳ್ಳು ಸರಿಮಾಡುತ್ತಿದ್ದಳು. ನಾನು ಸರ್ಕಾರದ ಫೋನ್ ಹಿಡಿದುಕೊಂಡು ನಿಮ್ಮ ಮೆಟ್ಟಿಲ ಮೇಲೆ ಅತ್ತುಬಿಟ್ಟೆ. ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು. ಆ ಮೇಲೆ ಯಾರೂ ನನ್ನನ್ನು ಆ ಮಾತಿನಲ್ಲಿ ಕರೆದಿರಲಿಲ್ಲ. ಇಲ್ಲಿ ಕನ್ನಡದವರು ಬೇಕಾದಷ್ಟಿದ್ದಾರೆ. ಆದರೆ ಹೆಚ್ಚಿನವರು ಬೆಂಗಳೂರು-ಮೈಸೂರು ಕಡೆಯವರು. ನಾನು ಬಾಯಿ ತೆರೆದರೆ ಪ್ರೀತಿಯಿಂದಲೇ ನಗುತ್ತಾರೆ. ಪ್ರತಾಪ್ ಕೂಡ, "ನೀನು ಐ ಲವ್ ಯೂ ಅಂದ್ರೂ ಬೈದಂಗೇ ಇರತ್ತೆ" ಎನ್ನುತ್ತಾರೆ. ನಾನು ಮೆಲ್ಲಗೆ ಅವರ ಹಾಗೆಯೇ ಮಾತಾಡಲು ಕಲಿತುಬಿಟ್ಟಿದ್ದೆ. ನಮ್ಮ ಮಾತನ್ನು ನನಗೆ ತಿರುಗಿ ಕೊಟ್ಟವರು, ಇಂಗ್ಲಿಷ್ ಎಂದು ಬರೆಸಿದ ನೀವು.

ಗಣತಿಯ ಕೆಲಸ ಮುಗಿದ ಮೇಲೆ ಅಕ್ಟೋಬರ್ ಕೊನೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದೆ. ಆರು ಅಡಿ ದೂರದಲ್ಲಿ ಎರಡು ಕುರ್ಚಿ ಹಾಕಿದಿರಿ. ರೊಟ್ಟಿ ಮುರಿದ ಸಪ್ಪಳಕ್ಕೇ ಕಣ್ಣು ಮುಚ್ಚಿಕೊಂಡಿರಿ. ಅವತ್ತಿನಿಂದ ವಾರಕ್ಕೊಮ್ಮೆ ಬರುವುದು ರೂಢಿಯಾಯಿತು. ಹೈಸ್ಕೂಲು ಸೇರಿದ್ದ ನನ್ನ ಮಗಳು ಮಾನ್ಯಾಳೂ ಒಮ್ಮೊಮ್ಮೆ ಬರುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ನಿಮ್ಮ ಆ ರಾಣಿಯಂಥ ಇಂಗ್ಲಿಷ್ ಬಿಟ್ಟು, "ಕನ್ನಡದಾಗ ಹೇಳ, ಬಾಯಾಗ ಏನ ಇಟಗೊಂಡಿ?" ಎಂದು ಗದರಿಸುತ್ತಿದ್ದಿರಿ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ನಿಮ್ಮ ಕನ್ನಡಕ್ಕೆ ಹತ್ತು ವರ್ಷ ವಯಸ್ಸು. ಬುಗುರಿ, ಗಾಳಿಪಟ, ಹುಣಸಿಕಾಯಿ, ಮುಳ್ಳು ಚುಚ್ಚಿದ ಕಾಲು, ಎಲ್ಲಕ್ಕೂ ನಿಮ್ಮಲ್ಲಿ ಮಾತಿತ್ತು. ಗಂಡ, ಬ್ಯಾಂಕು, ಕ್ಯಾನ್ಸರ್ ಎಂದು ಬಂದಾಗ ಇಂಗ್ಲಿಷಿಗೆ ಹೋಗುತ್ತಿದ್ದಿರಿ. ನಿಮ್ಮ ಬದುಕನ್ನು ಹಾಗೆ ತುಂಡು ತುಂಡಾಗಿ ತಿಳಿದೆ. ನಿಮ್ಮ ತಂದೆ ವರ್ಕ್‌ಶಾಪಿನಲ್ಲಿ ಫೋರ್‌ಮನ್. ತಾಯಿ ವಯೊಲೆಟ್. 1948ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದಿರಿ. ತಂದೆಗೆ ಡರ್ಬಿ ಎಂಬ ಊರಿನಲ್ಲಿ, ಅದೂ ರೈಲ್ವೆಯ ಕೆಲಸವೇ. ಅಲ್ಲಿಗೆ ಸೈನ್ಯದ ಕೆಲಸದ ಮೇಲೆ ಬಂದಿದ್ದ ಅಮೆರಿಕನ್ ಒಬ್ಬರನ್ನು ಮದುವೆಯಾಗಿ, ಇಪ್ಪತ್ತೊಂದನೇ ವಯಸ್ಸಿಗೆ ಮೇರಿಲ್ಯಾಂಡಿಗೆ ಬಂದಿರಿ. ಕನ್ನಡ ಯಾರು ಕಲಿಸಿದರು ಎಂದರೆ, "ನಮ್ಮ ಆಯಾ. ಶಿವಕ್ಕ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಿರಿ.

ಭಾನುವಾರ ಮಧ್ಯಾಹ್ನ ಗ್ರೆಗ್ ಸೌತ್ ಕ್ಯಾರೊಲಿನಾದಿಂದ ಫೋನ್ ಮಾಡುತ್ತಿದ್ದ. ನಿಮಗೆ ಕಿವಿ ಮಂದ, ಹಾಗಾಗಿ ಫೋನು ಸ್ಪೀಕರಿನಲ್ಲಿರುತ್ತಿತ್ತು. ಬೇಡವೆಂದರೂ ನನ್ನ ಕಿವಿಗೆ ಬೀಳುತ್ತಿತ್ತು. ಹವಾಮಾನ, ಮಂಡಿನೋವು, ಆಮೇಲೆ ಅವನ ವಂಶವೃಕ್ಷ. ಇಂಗ್ಲೆಂಡಿನ ಯಾವ ಹಳ್ಳಿಯ ಚರ್ಚಿನ ದಾಖಲೆಯಲ್ಲಿ ಯಾರ ಹೆಸರು ಸಿಕ್ಕಿತು ಎಂಬ ಸಂಭ್ರಮ. ಅದು ಮುಗಿದರೆ ಗಡಿ ದಾಟಿ ಬರುವವರ ಮಾತು. "ಲಂಡನ್ನಿನಲ್ಲಿ ಈಗ ಇಂಗ್ಲಿಷರೇ ಇಲ್ಲ ಅಮ್ಮಾ. ಇಲ್ಲೂ ಅದೇ ಆಗುತ್ತದೆ. ಯಾರನ್ನು ಮನೆಯೊಳಗೆ ಬಿಡುತ್ತೀಯೋ ನೋಡಿಕೋ" ಎಂದಿದ್ದ ಒಮ್ಮೆ. ನಾನು ನಿಮ್ಮ ಎದುರೇ ಕುಳಿತಿದ್ದೆ. ನೀವು "ಸರಿ ಡಿಯರ್" ಎಂದು ಫೋನಿಟ್ಟಿರಿ, ನನ್ನ ಮುಖ ನೋಡಲಿಲ್ಲ.

ನಾನೇನು ಕಡಿಮೆಯೇ? ಅದೇ ಚಳಿಗಾಲದಲ್ಲಿ ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗ ನಾನೂ ಅಂದಿದ್ದೆ, "ನಾವು ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷ ಪಾಳಿ ಹಚ್ಚಿ ನಿಂತ್ವಿ ಆಯಿ. ಇವರು ಪಾಳಿ ಬಿಟ್ಟು ನುಗ್ಗತಾರ." ನೀವು ಟಿವಿ ಆರಿಸಿ, "ನಮ್ಮವ್ವನೂ ಪಾಳಿ ಬಿಟ್ಟು ಹ್ವಾದಾಕಿನ" ಎಂದಿರಿ. ನನಗೆ ತಿಳಿಯಲಿಲ್ಲ. ಆಗ ಹೇಳಿದಿರಿ.

ಶಿವಕ್ಕ ನಿಮ್ಮ ಆಯಾ ಅಲ್ಲ. ನಿಮ್ಮ ಆಯಿ. ನಮ್ಮ ಕಡೆ ಅಜ್ಜಿಗೆ ಅದೇ ಮಾತು. ವಯೊಲೆಟ್‌ಳನ್ನು ಹೆತ್ತವಳು ಆಕೆ. ತಂದೆ ಒಬ್ಬ ಇಂಗ್ಲಿಷ್ ಎಂಜಿನ್ ಡ್ರೈವರ್, ಮಗುವಿಗೆ ಎರಡು ವರ್ಷವಾದಾಗ ಬೇರೆ ಊರಿಗೆ ವರ್ಗವಾಗಿ ಹೋದವನು ತಿರುಗಿ ಬರಲಿಲ್ಲ. ಮಗು ಕೆನೆಬಣ್ಣದ್ದು, ಬೂದು ಕಣ್ಣಿನದು. ರೈಲ್ವೆಯವರ ಶಾಲೆಯಲ್ಲಿ ಓದಿ ಬೆಳೆಯಿತು, ಇಂಗ್ಲಿಷಿನವಳೆಂದೇ ಹೇಳಿಕೊಂಡಿತು, ಫೋರ್‌ಮನ್ನನ ಹೆಂಡತಿಯಾಯಿತು. ಪಾಳಿ ಬಿಟ್ಟು ಹೋದದ್ದು ಹಾಗೆ. ತಾಯಿಯನ್ನು ಬೀದಿಗೆ ಬಿಡಲು ಮನಸ್ಸಾಗಲಿಲ್ಲ, ತಾಯಿ ಎನ್ನಲು ಧೈರ್ಯವಾಗಲಿಲ್ಲ. ಬಂಗಲೆಯ ಹಿಂದಿನ ಖೋಲಿ ಕೊಟ್ಟು ಆಯಾ ಎಂದು ಇಟ್ಟುಕೊಂಡಳು. ನಿಮ್ಮ ತಂದೆಗೆ ಗೊತ್ತಿತ್ತೋ ಇಲ್ಲವೋ ನಿಮಗೆ ಕೊನೆಗೂ ತಿಳಿಯಲಿಲ್ಲ. ನಿಮಗೆ ಮಾತ್ರ ಶಿವಕ್ಕ ಯಾವಾಗಲೋ ತಲೆ ಬಾಚುವಾಗ ಹೇಳಿದ್ದಳು. ಮಂದಿ ಎದುರು ಆಯಾ, ಹಿಂದಿನ ಖೋಲಿಯಲ್ಲಿ ಆಯಿ.

ಹೊರಡುವ ದಿನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಾಹೇಬರೆಲ್ಲ ಕಳಿಸಲು ಬಂದಿದ್ದರು. ನಿಮ್ಮ ತಾಯಿ ಕಿವಿಯಲ್ಲಿ ಹೇಳಿದಳಂತೆ, ಎಲ್ಲರೂ ಕೇಳುವ ಹಾಗೆ ಆಯಾ ಎಂದು ಕರೆ ಎಂದು. ನೀವು ಕಿಟಕಿಯಿಂದ ಕೂಗಿದಿರಿ, "ಬರ್ತೇನಿ ಆಯಾ!" ಪ್ಲಾಟ್‌ಫಾರಂ ಮೇಲೆ ಆಕೆ ಕೈ ಎತ್ತಿದವಳು ಹಾಗೇ ನಿಂತಿದ್ದಳು. "ನಾ ಅಂದ ಕಡೀ ಮಾತು ಅದ ಸಿದ್ದಿ" ಎಂದಿರಿ. ಎಪ್ಪತ್ತೆರಡು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಇಲ್ಲ. ಗ್ರೆಗ್ ಹನ್ನೆರಡು ವರ್ಷದವನಿದ್ದಾಗ ಶಾಲೆಯ ಪಾಠಕ್ಕೆಂದು ಮುತ್ತಜ್ಜಿಯ ಹೆಸರು ಕೇಳಿದನಂತೆ. ಬಾಯಿಗೆ ಬಂದ ಮೊದಲ ಹೆಸರು ಹೇಳಿದಿರಿ, ಮೇರಿ.

ಇದನ್ನೆಲ್ಲ ಕೇಳಿ ನಾನು ಮೊದಲು ಕೇಳಿದ್ದೇನು ನೆನಪಿದೆಯೇ ಆಯಿ? "ಶಿವಕ್ಕ ಯಾವ ಮಂದಿ?" ಎಂದೆ. ನಮ್ಮ ಕಡೆ ಜಾತಿ ಕೇಳುವ ಮರ್ಯಾದೆಯ ರೀತಿ ಅದು. ಅದು ಬಾಯಿಂದ ಬಂದದ್ದೇ ನನಗೆ ತಿಳಿಯಲಿಲ್ಲ. ನೀವು ನನ್ನನ್ನು ದಿಟ್ಟಿಸಿ ನೋಡಿದಿರಿ. "ಹತ್ತು ವರ್ಷದ ಹುಡುಗಿ ನಾ. ಅದನ್ನ ಕೇಳಬೇಕಂತ ಗೊತ್ತಿರಲಿಲ್ಲ" ಎಂದಿರಿ. ಅಷ್ಟೇ. ಅವತ್ತು ಕಾರಿನಲ್ಲಿ ಮನೆಗೆ ಬರುವಾಗ ನನ್ನ ಕಿವಿ ಬಿಸಿಯಾಗಿತ್ತು. ನಾನು ಗ್ರೆಗ್‌ನ ಮಾತಿಗೆ ಒಳಗೊಳಗೇ ಕುದಿದವಳು.

2022ರ ಮಾರ್ಚ್‌ನಲ್ಲಿ ಅಣ್ಣನ ಮಗಳ ಮದುವೆಗೆ ಹುಬ್ಬಳ್ಳಿಗೆ ಹೊರಟಾಗ ನೀವು ಕೈ ಹಿಡಿದುಕೊಂಡಿರಿ. ಆಕೆ ಏನಾದಳು, ಅಷ್ಟು ಕೇಳಿಕೊಂಡು ಬಾ ಎಂದಿರಿ. ಮದುವೆ ಮುಗಿಸಿ ನಾಲ್ಕು ದಿನ ಅಲೆದೆ. ಬಂಗಲೆ ಬಿದ್ದುಹೋಗಿತ್ತು. ಕೊನೆಗೆ ಕೇಶ್ವಾಪುರದ ಒಂದು ಓಣಿಯಲ್ಲಿ ಕರಬಸಪ್ಪಜ್ಜ ಸಿಕ್ಕರು. ಎಂಬತ್ತೆಂಟು ವರ್ಷ, ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಶಿವಕ್ಕ ಎಂದ ಕೂಡಲೇ, "ಬಂಗ್ಲೆ ಶಿವಕ್ಕನ ಏನ್ರಿ? ನಮ್ಮ ಮನಿ ಬಾಜೂಕ ಇದ್ಲು" ಎಂದರು. ಬಂಗಲೆ ಖಾಲಿಯಾದ ಮೇಲೆ ಆಕೆ ಆ ಓಣಿಗೆ ಬಂದು ಹನ್ನೊಂದು ವರ್ಷ ಬದುಕಿದ್ದಳು. ಕೌದಿ ಹೊಲಿಯುತ್ತಿದ್ದಳು. ಯಾವ ಮಂದಿ ಎಂದು ಅಜ್ಜ ತಾವಾಗಿ ಹೇಳಲು ಬಾಯಿ ತೆರೆದರು. "ಬ್ಯಾಡ ಬಿಡ್ರಿ ಅಜ್ಜಾರ" ಎಂದೆ. ಅಷ್ಟಾದರೂ ಕಲಿತಿದ್ದೆ.

ತಿರುಗಿ ಬಂದು ನಿಮಗೆ ಹೇಳಿದೆ: ಸ್ವಂತ ಖೋಲಿಯಿತ್ತು, ದುಡಿದು ಉಂಡರು, ಓಣಿಯವರೇ ಮಣ್ಣು ಮಾಡಿದರು. ನೀವು ಕೇಳಿದಿರಿ, "ನನ್ನ ಬಗ್ಗೆ ಏನಾರ ಅಂತಿದ್ಲಂತ?" ಮೊಮ್ಮಗಳು ಎನ್ನುತ್ತಿದ್ದರಂತೆ ಎಂದೆ. "ಮಂದಿ ಮುಂದ?" ಹೌದು, ಎಲ್ಲರ ಮುಂದೆ. ನೀವು ಮುಖ ಮುಚ್ಚಿಕೊಂಡು ಅತ್ತಿರಿ. ಆ ಅಳುವಿನಲ್ಲಿ ಒಂದು ಸಮಾಧಾನವಿತ್ತು. ಆ ಸಮಾಧಾನವನ್ನು ಕೆಡಿಸಲಾರದೆ ನಾನು ಅಲ್ಲಿಗೇ ನಿಲ್ಲಿಸಿದೆ.

ಉಳಿದದ್ದನ್ನು ಈಗ ಹೇಳುತ್ತೇನೆ, ಕ್ಷಮಿಸಿ. ಕರಬಸಪ್ಪಜ್ಜ ಹೇಳಿದ್ದು ಹೀಗೆ: "ಟಪಾಲದವ ಬರೂ ಹೊತ್ತಿಗೆ ಕಟ್ಟಿ ಮ್ಯಾಲೆ ಬಂದು ಕುಂದ್ರತಿದ್ಲು. ನನ್ನ ಮೊಮ್ಮಗಳು ಇಂಗ್ಲೆಂಡಿನ್ಯಾಗ ಅದಾಳ, ಪತ್ರಾ ಬರೀತಾಳ ಅಂತಿದ್ಲು. ಬಿಳೇ ಹುಡುಗಿ ಅಂತಿದ್ಲು. ಯಾರ ನಂಬಬೇಕ್ರಿ? ನಾವು ಹರೇದ ಹುಡುಗ್ರು, ಹಂಗಾರ ರಾಣಿ ನಿನ್ನ ಬೀಗತಿ ಏನ ಅಂತ ಕೇಳಿ ನಗ್ತಿದ್ವಿ. ಬಂಗ್ಲೆ ಹುಚ್ಚಿ ಅಂತ ಹೆಸರಿಟ್ಟಿದ್ವಿ. ಮೊದಮೊದಲು ಸಿಟ್ಟಿಗೇಳ್ತಿದ್ಲು. ಆಮ್ಯಾಲೆ ಬರೇ ನಮ್ಮ ಮುಖಾ ನೋಡಾಕಿ." ಸಾಯುವ ವರ್ಷದವರೆಗೂ ಕಟ್ಟೆಯ ಮೇಲೆ ಕೂತಳಂತೆ. ನಿಮ್ಮ ತಾಯಿ ಆಕೆಯನ್ನು ಆಯಾ ಮಾಡಿದಳು, ನಮ್ಮ ಊರು ಹುಚ್ಚಿ ಮಾಡಿತು. ನಿಜ ಹೇಳುತ್ತಿದ್ದವಳು ಆಕೆಯೊಬ್ಬಳೇ.

ಇದನ್ನು ಮುಚ್ಚಿಟ್ಟದ್ದು ನಿಮ್ಮ ಮೇಲಿನ ಪ್ರೀತಿಯಿಂದ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ನಮ್ಮ ಊರಿನ ಮರ್ಯಾದೆಯನ್ನೂ ಕಾಯುತ್ತಿದ್ದೆ. ಬಿಳಿಯರು ಕೆಟ್ಟವರು, ನಾವು ನೊಂದವರು ಎಂಬ ಕಥೆ ನನಗೆ ಬೇಕಾಗಿತ್ತು. ನನ್ನ ಊರಿನ ಹುಡುಗರು ಕಟ್ಟೆಯ ಸುತ್ತ ನಿಂತು ನಕ್ಕಿದ್ದನ್ನು ನಿಮ್ಮ ಮುಂದೆ ಹೇಗೆ ಹೇಳಲಿ?

ಮರುವರ್ಷ ಫೆಬ್ರವರಿಯಲ್ಲಿ ನ್ಯುಮೋನಿಯಾ ನಿಮ್ಮನ್ನು ಒಂಬತ್ತೇ ದಿನದಲ್ಲಿ ಕರೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಬಂಧುಗಳನ್ನಷ್ಟೇ ಒಳಗೆ ಬಿಟ್ಟರು. ಚರ್ಚಿನಲ್ಲಿ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದ ಹಿರಿಯರೊಬ್ಬರು ಬಾಗಿ, ಡೊರೀನಳನ್ನು ನೋಡಿಕೊಳ್ಳುತ್ತಿದ್ದ ಹೋಮ್ ಹೆಲ್ತ್ ಹೆಂಗಸು ನೀನೇನಾ ಎಂದು ಕೇಳಿದರು. ನಿಮ್ಮವರಿಗೆ ತಾಳ್ಮೆ ಹೆಚ್ಚು ಎಂದು ಹೊಗಳಿದರು. ಇಲ್ಲ, ನಾನು ಅವರ ಊರಿನವಳು ಎಂದೆ. ತಪ್ಪಾಗಿ ಕೇಳಿಸಿತೆಂದುಕೊಂಡು ಅವರು ಮುಗುಳ್ನಕ್ಕರು. ಗ್ರೆಗ್ ಎದ್ದು ನಿಂತು ಮಾತಾಡಿದ. "ನನ್ನ ತಾಯಿ ಹುಟ್ಟಿದ್ದು ಇಂಡಿಯಾದಲ್ಲಿ, ಅದು ಅಜ್ಜನ ನೌಕರಿಯಿಂದಾಗಿ. ರಕ್ತದಲ್ಲಿ ಮಾತ್ರ ಕೊನೆಯ ಹನಿಯವರೆಗೂ ಇಂಗ್ಲಿಷ್" ಎಂದ. ನೀವು ಹೇಳದೇ ಉಳಿಸಿದ್ದನ್ನು ಹೇಳಲು ನಾನು ಯಾರು?

ಅವತ್ತು ಚರ್ಚಿನ ಪುಸ್ತಕದಲ್ಲಿ ನಾನು ಬರೆದಿಟ್ಟಿದ್ದ ವಿಳಾಸಕ್ಕೆ ಈ ವರ್ಷ ಜುಲೈನಲ್ಲಿ ಅವನಿಂದ ಇಮೇಲ್ ಬಂತು. ವಂಶವೃಕ್ಷಕ್ಕೆಂದು ಡಿಎನ್‌ಎ ಪರೀಕ್ಷೆ ಮಾಡಿಸಿದ್ದನಂತೆ. ನೂರಕ್ಕೆ ಹನ್ನೆರಡು ಪಾಲು ದಕ್ಷಿಣ ಭಾರತ ಎಂದು ಬಂದಿತ್ತು. ಸ್ಯಾಂಪಲ್ ಅದಲುಬದಲಾಗಿದೆ ಎಂದು ಜಗಳವಾಡಿ ಮತ್ತೊಮ್ಮೆ ಕಳಿಸಿದ್ದ. ಮತ್ತೆ ಹನ್ನೆರಡು. "ಕೊನೆಯ ವರ್ಷಗಳಲ್ಲಿ ಅಮ್ಮ ಹೆಚ್ಚು ಮಾತಾಡಿದ್ದು ನಿಮ್ಮ ಜೊತೆ. ನಿಮಗೇನಾದರೂ ಗೊತ್ತೇ?" ಎಂದು ಕೇಳಿದ್ದ. ಮೂರು ದಿನ ಉತ್ತರಿಸಲಿಲ್ಲ. ಆಮೇಲೆ, ಮಗಳನ್ನು ಕಾಲೇಜಿಗೆ ಬಿಡಲು ಅಟ್ಲಾಂಟಾಕ್ಕೆ ಡ್ರೈವ್ ಮಾಡುತ್ತಿದ್ದೇನೆ, ನಿಮ್ಮ ಊರು ಗ್ರೀನ್‌ವಿಲ್ ದಾರಿಯಲ್ಲೇ ಇದೆ, ಬಂದು ಹೇಳುತ್ತೇನೆ ಎಂದು ಬರೆದೆ.

ಆಗಸ್ಟ್ ತಿಂಗಳ ಬಿಸಿಲು. ಕಾರಿನ ತುಂಬ ಮಾನ್ಯಾಳ ಹಾಸಿಗೆ, ಬಕೆಟ್ಟು, ಪುಸ್ತಕ. ಪ್ರತಾಪ್ ಬೇರೆ ಕಾರಿನಲ್ಲಿ ಮುಂದೆ ಹೋಗಿದ್ದರು. ಗ್ರೆಗ್ ಬಾಗಿಲಲ್ಲೇ ನಿಂತಿದ್ದ. ನಿಮ್ಮದೇ ನೆಟ್ಟಗಿನ ಬೆನ್ನು, ಬೂದು ಕಣ್ಣು. ನಡುಮನೆಯ ಗೋಡೆಯ ತುಂಬ ಆ ವಂಶವೃಕ್ಷ. ಐಸ್ ಟೀ ಕೊಟ್ಟ. ಆ ತಿಂಗಳು ಇಂಗ್ಲೆಂಡಿನ ಊರುಗಳಲ್ಲಿ ವಲಸಿಗರ ವಿರುದ್ಧ ಗಲಭೆಯಾಗಿತ್ತು. ಅದರ ಬಗ್ಗೆ ಏನೋ ಹೇಳಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದ.

ನಾನು ಹೇಳಿದೆ. ಸ್ಟೇಷನ್ನು, ಹಿಂದಿನ ಖೋಲಿ, ಮೇರಿ, ಎಲ್ಲ. ಅವನ ಕುತ್ತಿಗೆ ಕೆಂಪಾಯಿತು. "ನನ್ನ ತಾಯಿ ನನಗೆ ಹೇಳದ್ದನ್ನು ನಿಮಗೆ ಹೇಳಿದರೇ? ವಯಸ್ಸಾಗಿತ್ತು ಅವರಿಗೆ. ನೀವು ಏನೇನೋ ಕೇಳಿ ತಲೆಗೆ ತುಂಬಿರಬೇಕು" ಎಂದ. ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಮಾನ್ಯಾ ನನ್ನ ತೋಳು ಹಿಡಿದು, "ಅಮ್ಮಾ, ಹೋಗೋಣ. ಹೀ ಈಸ್ ನಾಟ್ ರೆಡಿ" ಎಂದಳು. ನಾನು ಚೀಲ ಎತ್ತಿಕೊಂಡೆ. ಆಗ ಅವಳೇ ತಡೆದು, "ವೇಟ್, ನನ್ ಹತ್ರ ಅಜ್ಜಿದು ವಾಯ್ಸ್ ಇದೆ" ಎಂದು ಫೋನ್ ತೆಗೆದಳು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯವರು ಹಿರಿಯರೊಬ್ಬರ ಮಾತು ರೆಕಾರ್ಡ್ ಮಾಡಿ ತರಲು ಹೇಳಿದ್ದರಲ್ಲ, ನಿಮ್ಮ ಮನೆ ಮುಂದೆ ಕೂತು ಮಾಡಿದ್ದು. ಅವಳು ಅದನ್ನು ಇಟ್ಟುಕೊಂಡಿದ್ದಾಳೆಂದು ನನಗೇ ಗೊತ್ತಿರಲಿಲ್ಲ.

ನಿಮ್ಮ ದನಿ ಬಂತು, ಆಯಿ. ಶಿವಕ್ಕ ನಿಮ್ಮನ್ನು ಬೈಯುತ್ತಿದ್ದುದನ್ನು ಅಣಕಿಸಿ ತೋರಿಸುತ್ತಿದ್ದಿರಿ: "ಹುಣಸಿಕಾಯಿ ತಿನ್ನಬ್ಯಾಡ ಅಂದ್ರ ಕೇಳೂದಿಲ್ಲ ನೀ. ಹಲ್ಲು ಜುಂ ಅಂದ ಮ್ಯಾಲೆ ಅಳ್ಕೋತ ನನ್ನ ಕಡೇನ ಬರ್ತಿ. ಬಾ, ಬಾ, ಇಲ್ಲೆ ಬಾ, ಬಾಯಿ ತಗಿ ನೋಡೂಣು." ಆಮೇಲೆ ನಿಮ್ಮ ನಗು.

ಗ್ರೆಗ್ ತಿರುಗಿದ. ತಾಯಿಗೆ ಈ ಭಾಷೆ ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಹಾಕು ಎಂದ. ಮೂರು ಸಲ ಕೇಳಿದ. ಏನು ಹೇಳುತ್ತಿದ್ದಾರೆ ಎಂದು ಕೇಳಿದಾಗ ಮಾನ್ಯಾಳೇ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿದಳು. "ಅಮ್ಮ ಹೀಗೆ ನಕ್ಕದ್ದನ್ನು ನಾನು ಯಾವತ್ತೂ ಕೇಳಿಲ್ಲ" ಎಂದ. ಕುಳಿತ. "ನಾನು ಫೋನಿನಲ್ಲಿ ಮಾತಾಡುವಾಗ ನೀವು ಅಲ್ಲೇ ಇರುತ್ತಿದ್ದಿರಾ?" ಎಂದು ಕೇಳಿದ. ಇರುತ್ತಿದ್ದೆ ಎಂದೆ. "ಅಮ್ಮ ಏನನ್ನುತ್ತಿದ್ದರು?" ಏನೂ ಅನ್ನುತ್ತಿರಲಿಲ್ಲ ಎಂದೆ. ಆ ಮಾತಿಗೆ ಅವನು ತಲೆ ತಗ್ಗಿಸಿದ. ಅರವತ್ತರ ಹತ್ತಿರದ ಗಂಡಸು, ನಮ್ಮಿಬ್ಬರ ಎದುರು ಅಳು ತಡೆಯಲು ಪಟ್ಟ ಪಾಡು ನೋಡಲಾಗಲಿಲ್ಲ. ಅವನಿಗೆ ನೀವು ಹೆದರಿದಿರಿ ಎಂಬುದು ಅವನಿಗೆ ತಿಳಿಯಿತು. ಹೆತ್ತ ಮಗನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ತೋಚುವುದಿಲ್ಲ. ಅಟ್ಲಾಂಟಾಕ್ಕೆ ಹೊರಟಾಗ ಕಾರಿನವರೆಗೂ ಬಂದು, ಶಿವಕ್ಕನ ಸಮಾಧಿ ಎಲ್ಲಿದೆ ಎಂದು ಕೇಳಿದ.

ಗ್ರೆಗ್ ಪೂರಾ ಬದಲಾದ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಈಗಲೂ ಭಾನುವಾರ ಫೋನ್ ಮಾಡುತ್ತಾನೆ, ಈಗ ನನಗೆ. ಹೋದ ವಾರವೂ ಗಡಿಯವರ ಬಗ್ಗೆ ಅದೇ ಹಳೆಯ ರಾಗ ತೆಗೆದ. ಶಿವಕ್ಕನ ವಿಷಯ ಬೇರೆ, ಇವರದು ಬೇರೆ ಎಂದ. ಹೇಗೆ ಬೇರೆ ಎಂದು ಕೇಳಿದೆ. ಅದಕ್ಕೆ ಅವನು, ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಎಷ್ಟು ತಾಸು ಎಂದು ಕೇಳಿದ.

ಜನವರಿಗೆ ಗ್ರೆಗ್, ಮಾನ್ಯಾ, ನಾನು, ಮೂವರೂ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ. ರೈಲಿನಲ್ಲೇ ಹೋಗಬೇಕಂತೆ ಗ್ರೆಗ್ಗಿಗೆ. ನಿನ್ನೆ ಕರಬಸಪ್ಪಜ್ಜನಿಗೆ ಫೋನ್ ಮಾಡಿದ್ದೆ. ತೊಂಬತ್ತು ದಾಟಿದೆ, ಕಿವಿ ಕೇಳುವುದಿಲ್ಲ. ಸೊಸೆ ಶೈಲಜಾ ಫೋನ್ ಹಿಡಿದು ನನ್ನ ಮಾತನ್ನು ಅವರ ಕಿವಿಯಲ್ಲಿ ಕೂಗಿ ಹೇಳಿದಳು. ಶಿವಕ್ಕನ ಮರಿಮೊಮ್ಮಗ ಅಮೆರಿಕದಿಂದ ಬರುತ್ತಾನೆ, ಬಿಳಿಯ, ಅವಳ ಮೊಮ್ಮಗಳ ಮಗ.

ಆಮೇಲೆ ಅಜ್ಜನ ದನಿ, ಅಳುತ್ತಿದ್ದರು. "ಕರಕೊಂಡ ಬರ್ರೆವಾ. ಲಗೂನ ಬರ್ರಿ. ನಮ್ಮ ಓಣಿಯವರನೆಲ್ಲಾ ಕೂಡಸ್ತೇನಿ. ಆಕಿ ಖರೇ ಹೇಳ್ತಿದ್ಲು, ನಾವ ಹುಚ್ಚರು ಅಂತ ಮಂದಿ ಮುಂದ ಹೇಳೇ ನಾ ಸಾಯ್ಬೇಕು."

ನೀವು ಎಲ್ಲಿದ್ದೀರೋ, ಅಲ್ಲಿ ನಿಮ್ಮನ್ನು ಯಾವ ಮಂದಿ ಎಂದು ಯಾರೂ ಕೇಳದಿರಲಿ. ನಿಮ್ಮ ತಲೆ ಬಾಚುವವರು ಹತ್ತಿರದಲ್ಲೇ ಇರಲಿ. ಹೋಗಿ ಬರುತ್ತೇವೆ, ಆಯಿ.

ನಿಮ್ಮ
ಸಿದ್ದೇಶ್ವರಿ